ಅಕ್ಕಿ ಗಿರಣಿಯಲ್ಲೊಂದು ಇಟಲಿಯ ಫುಟ್‌ಬಾಲು

ಹಾನಗಲ್ಲಿಗೆ ಫುಟ್‌ಬಾಲ್ ತಂದವರು ನಮ್ಮ ಮಾವನವರು. ಹಾಗೆಂದು ಅವರು ಜೀವಮಾನದಲ್ಲಿ ಒಮ್ಮೆಯಾದರೂ ಚೆಂಡಿಗೆ ಕಾಲು ತಾಗಿಸಿದವರಲ್ಲ. ಓಡಿದವರಂತೂ ಅಲ್ಲವೇ ಅಲ್ಲ! ಹುಬ್ಬಳ್ಳಿ ಬಸ್ಸು ಕಣ್ಣೆದುರಿಗೇ ಹೊರಟರೂ "ಹೋಗಲಿ ಬಿಡು, ಹಿಂದ ಇನ್ನೊಂದು ಬರತೈತಿ" ಎಂದು ಧೋತರದ ಚುಂಗು ಸರಿಮಾಡಿಕೊಳ್ಳುತ್ತ ನಿಲ್ಲುವ ಪೈಕಿ. ಅವರ ಫುಟ್‌ಬಾಲಿಗೆ ಮೈದಾನ ಬೇಕಿರಲಿಲ್ಲ, ಆಟಗಾರರು ಬೇಕಿರಲಿಲ್ಲ. ಬೇಕಾಗಿದ್ದದ್ದು ಕರೆಂಟು ಮತ್ತು ಮನೆಮಂದಿಯ ತಾಳ್ಮೆ. ಎಪ್ಪತ್ತರ ದಶಕದ ಹಾನಗಲ್ಲಿನಲ್ಲಿ ಈ ಎರಡೂ ಯಾವ ಗಳಿಗೆಯಲ್ಲಿ ಹೋಗುತ್ತವೆ ಎಂದು ಯಾರೂ ಹೇಳುವಂತಿರಲಿಲ್ಲ.

ಅವರ ಹೆಸರು ಹೇಳುವುದಿಲ್ಲ. ಸೊಸೆಯಾದವಳು ಮಾವನ ಹೆಸರು ಹೇಳಬಾರದೆಂಬುದು ಒಂದು ಕಾರಣ. ಹೇಳಿದರೆ ನಮ್ಮ ಕಡೆಯವರು ಇವತ್ತಿಗೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆಂಬುದು ಇನ್ನೊಂದು.

ನಮ್ಮದು ಭತ್ತದ ಗಿರಣಿ. ಮುಂದೆ ಮನೆ, ಹಿಂದೆ ಗಿರಣಿ. ನಾನು ಮಾಸೂರಿನಿಂದ ಮದುವೆಯಾಗಿ ಬಂದ ವರ್ಷ ಗಿರಣಿಯ ಮೋಟಾರು ಮುದುಕರಂತೆ ಕೆಮ್ಮುತ್ತಿತ್ತು. ಅಕ್ಕಿಗಿಂತ ಹೊಗೆಯೇ ಜಾಸ್ತಿ. ಗೋವಾದ ಬಂದರಿನ ಕಡೆ ಹಳೆಯ ಮೋಟಾರುಗಳು ಸಿಗುತ್ತವೆಂದು ಯಾರೋ ಮಾವನವರಿಗೆ ಹೇಳಿದರು. ಅಕ್ಕಿ ಹೇರಿಕೊಂಡು ಹೊರಟಿದ್ದ ಲಾರಿಯಲ್ಲೇ ಅವರು ಹತ್ತಿ ಹೋದರು. ವಾರ ಕಳೆದ ಮೇಲೆ ಅದೇ ಲಾರಿ ಮನೆಯ ಮುಂದೆ ಬಂದು ನಿಂತಿತು. ಹೊಸ ಮೋಟಾರಿಗೆ ಆರತಿ ಎತ್ತಲೆಂದು ಅತ್ತೆಯವರು ತಟ್ಟೆ ಹಿಡಿದು ಬಾಗಿಲಿಗೆ ಬಂದರು. ಹೊಸ ಸೊಸೆ ನಾನು ಹಿಂದೆ ತೆಂಗಿನಕಾಯಿ ಹಿಡಿದು ನಿಂತೆ. ಹಮಾಲರು ಹಗ್ಗ ಬಿಚ್ಚಿದರು, ತಾಡಪತ್ರಿ ಸರಿಸಿದರು. ಒಳಗಿನಿಂದ ಒಂದು ಮೇಜು ಇಳಿಯಿತು!

ಮೇಜೆಂದರೆ ಮೇಜಲ್ಲ. ನಾಲ್ಕು ಕಬ್ಬಿಣದ ಕಾಲು, ಮೇಲೆ ಇಳಿಜಾರಾದ ಗಾಜು. ಗಾಜಿನ ಕೆಳಗೆ ಹಸಿರು ಬಣ್ಣದ ಮೈದಾನ, ಅದರಲ್ಲಿ ಅಣಬೆಗಳಂತೆ ಎದ್ದು ನಿಂತ ದುಂಡನೆಯ ಗೂಟಗಳು. ತಲೆಯ ಕಡೆ ನೆಟ್ಟಗೆ ನಿಂತ ಬಣ್ಣದ ಗಾಜಿನ ಹಲಗೆ. ಆ ಹಲಗೆಯ ಮೇಲೆ ಪಟ್ಟೆಪಟ್ಟೆ ಅಂಗಿಯ ಫುಟ್‌ಬಾಲ್ ಆಟಗಾರರು, ಗಾಳಿಯಲ್ಲಿ ಅಡ್ಡಡ್ಡ ಹಾರಿದ ಗೋಲ್‌ಕೀಪರು, ಇವರನ್ನೆಲ್ಲ ಹುರಿದುಂಬಿಸುತ್ತ ಕೈ ಎತ್ತಿ ನಿಂತ ಒಬ್ಬ ಬಿಳಿ ಹುಡುಗಿ. ಅವಳ ಲಂಗದ ಬಗ್ಗೆ ಆಮೇಲೆ ಹೇಳುತ್ತೇನೆ. ಹೇಳುವಷ್ಟು ಲಂಗವೇ ಇರಲಿಲ್ಲವೆನ್ನಿ.

ಅತ್ತೆಯವರು ಆರತಿ ತಟ್ಟೆ ಹಿಡಿದುಕೊಂಡೇ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಭತ್ತ ಎಲ್ಲಿ ಹಾಕೂದ್ರಿ ಇದರಾಗ?"

"ಭತ್ತ ಹಾಕೂದಲ್ಲ."

"ಮತ್ತ ಅಕ್ಕಿ ಎಲ್ಲಿಂದ ಬೀಳತೈತಿ?"

"ಅಕ್ಕಿ ಬೀಳಂಗಿಲ್ಲ. ಗುಂಡು ಬೀಳತೈತಿ."

"ಮೋಟಾರು ತರಾಕ ಹೋಗಿದ್ರೆಲ್ಲಾ?"

"ಮೋಟಾರಿನಾಗ ಏನೈತಿ? ಒಂದು ಸುರುಳಿ ತಂತಿ, ಗರಗರ ತಿರಗತೈತಿ. ಇದರಾಗ ಎಷ್ಟು ಸುರುಳಿ ಅದಾವ ನೋಡು! ಇಟಲಿದು!" ಎಂದು ಮಾವನವರು ಎದೆ ಉಬ್ಬಿಸಿದರು.

ಅತ್ತೆಯವರು ಉಫ್ ಎಂದು ಆರತಿ ಆರಿಸಿದರು. ನಾನು ತೆಂಗಿನಕಾಯಿ ಒಳಗಿಟ್ಟೆ. ಮರುದಿನ ಚಟ್ನಿಗಾಯಿತು.

ಬಂದರಿನಲ್ಲಿ ಹಡಗಿನವರು ಕುಡಿಯಲು ಬರುವ ಅಂಗಡಿಯೊಂದು ಮುಚ್ಚುತ್ತಿತ್ತಂತೆ. ಅಲ್ಲಿ ಇದನ್ನು ಕಂಡು ಇವರ ಕಾಲು ಮುಂದೆ ಹೋಗಲಿಲ್ಲವಂತೆ. ಪಿನ್‌ಬಾಲ್ ಎಂದು ಅದರ ಹೆಸರು. ಇವರ ಬಾಯಲ್ಲಿ ಮಾತ್ರ ಕೊನೆಯವರೆಗೂ 'ಫುಟ್‌ಬಾಲ್ ಮಶೀನು'. ಬಲಗಡೆಯ ಸ್ಪ್ರಿಂಗು ಎಳೆದು ಬಿಟ್ಟರೆ ಉಕ್ಕಿನ ಗುಂಡೊಂದು ಮೇಲೆ ಹಾರುತ್ತದೆ. ಕೆಳಗೆ ಉರುಳುವಾಗ ಅಣಬೆಗಳಿಗೆ ತಾಗಿದರೆ ಅವು ಒದ್ದು ದೂರ ತಳ್ಳುತ್ತವೆ, ಗಂಟೆ ಹೊಡೆಯುತ್ತದೆ, ಹಲಗೆಯಲ್ಲಿ ಅಂಕಿಗಳು ತಿರುಗುತ್ತವೆ. ಅಡಿಯಲ್ಲಿ ಎರಡು ಪುಟ್ಟ ರೆಕ್ಕೆ. ಪಕ್ಕದ ಗುಂಡಿ ಒತ್ತಿ ಅವುಗಳಿಂದ ಗುಂಡನ್ನು ಮತ್ತೆ ಮೇಲಕ್ಕೆ ಹೊಡೆಯಬೇಕು. ನಡುವಿನಿಂದ ಜಾರಿಬಿದ್ದರೆ ಮುಗಿಯಿತು. ಇಷ್ಟೇ ಆಟ! ಇಷ್ಟಕ್ಕೆ ಒಬ್ಬ ಗಿರಣಿ ಮಾಲೀಕರು, ಬೆಳೆದ ಮಕ್ಕಳ ತಂದೆ, ಊರಿನ ನಾಲ್ಕು ಜನ ನ್ಯಾಯ ಕೇಳಲು ಬರುವಂಥವರು, "ಹೋತು! ಹೋತು! ಅಯ್ಯೋ ಶಿವನ, ಹೋತು!" ಎಂದು ಓಣಿಗೆಲ್ಲ ಕೇಳುವಂತೆ ಕೂಗುವುದೆಂದರೆ ಏನು ಹೇಳೋಣ? ಮೊದಲ ದಿನ ಆ ಕೂಗು ಕೇಳಿ ಪಕ್ಕದ ಮನೆಯವರು ಯಾರೋ ತೀರಿಕೊಂಡರೆಂದು ಹೆಗಲ ಮೇಲೆ ಟವೆಲ್ಲು ಹಾಕಿಕೊಂಡೇ ಬಂದುಬಿಟ್ಟರು!

ಇನ್ನು ಆ ಹುಡುಗಿಯ ವಿಚಾರ. ಮಶೀನನ್ನು ಪಡಸಾಲೆಯ ಪಕ್ಕದ ಖೋಲಿಯಲ್ಲಿ, ಭತ್ತದ ಚೀಲಗಳ ನಡುವೆ ನಿಲ್ಲಿಸಿದ್ದಾಯಿತು. ಹೋಗುವಾಗ ಬರುವಾಗ ಅವಳ ಬರಿಗಾಲುಗಳು ಕಣ್ಣಿಗೆ ಬೀಳುತ್ತಿದ್ದವು. ಅತ್ತೆಯವರು ಎರಡು ದಿನ ತಡೆದುಕೊಂಡರು. ಮೂರನೆಯ ದಿನ ಪೆಟ್ಟಿಗೆಯಿಂದ ಒಂದು ಕುಪ್ಪಸದ ಖಣ ತೆಗೆದು, ಅಂಟು ಹಚ್ಚಿ, ಅವಳ ಸೊಂಟದಿಂದ ಕೆಳಗೆ ನೀಟಾಗಿ ಉಡಿಸಿಬಿಟ್ಟರು. ಕೈಮುಗಿಯಬೇಕು, ಅಷ್ಟು ಚೆನ್ನಾಗಿ ಕಾಣಿಸಿತು. ಸಂಜೆ ಮಾವನವರು ಬಂದು ಸ್ವಿಚ್ಚು ಹಾಕಿದರು. ಗಾಜಿನ ಹಿಂದಿನ ದೀಪಗಳೆಲ್ಲ ಹತ್ತಿದವು. ಖಣದ ಹಿಂದಿನಿಂದ ಬೆಳಕು ಬಂದು, ಆ ಎರಡು ಕಾಲುಗಳು ಕೆಂಪು ಜರಿಯ ನಡುವೆ ದೇದೀಪ್ಯಮಾನವಾಗಿ ಹೊಳೆದವು.

"ಮೊದಲಿಗಿಂತ ಜಾಸ್ತಿ ಕಾಣಾಕತ್ತಾಳಲ್ಲ ಈಕಿ!" ಎಂದು ಅತ್ತೆಯವರು ತಲೆಗೆ ಕೈ ಹೊತ್ತು ಕುಳಿತರು. ಖಣ ಕಿತ್ತದ್ದಾಯಿತು. ಆದರೆ ಸುಮ್ಮನೆ ಬಿಡುವ ಪೈಕಿಯಲ್ಲ ಅವರು. ಶುಕ್ರವಾರ ದೇವರ ಪೂಜೆ ಮುಗಿಸಿ ಬಂದವರೇ ಅವಳ ಹಣೆಗೆ ಕುಂಕುಮ ಹಚ್ಚಿದರು. "ಹೆಣ್ಮಗಳು, ಬರೀ ಹಣಿ ಯಾಕ ಇರಬೇಕು?" ಎಂದರು. ಅಲ್ಲಿಂದ ಮುಂದೆ ಪ್ರತಿ ಶುಕ್ರವಾರ ನನಗೆ ಹಚ್ಚಿದ ಮೇಲೆ ಇಟಲಿಯವಳಿಗೂ ಹಚ್ಚುವುದು ರೂಢಿಯಾಯಿತು. ನನಗಿಂತ ಅವಳಿಗೇ ದೊಡ್ಡದು ಹಚ್ಚುತ್ತಾರೆಂದು ನನಗೆ ಒಳಗೊಳಗೇ ಸಂಶಯ.

ಗಿರಣಿ ಓಡುವಾಗ ವೋಲ್ಟೇಜು ಇಳಿದು ಮಶೀನಿನ ರೆಕ್ಕೆಗಳು ಮೇಲೇಳುತ್ತಿರಲಿಲ್ಲ. ಇದಕ್ಕೆ ಬುದ್ಧಿವಂತರಾದವರು ಏನು ಮಾಡುತ್ತಾರೆ? ಆಟ ನಿಲ್ಲಿಸುತ್ತಾರೆ. ನಮ್ಮ ಮಾವನವರು ಗಿರಣಿ ನಿಲ್ಲಿಸಿದರು! ಅಕ್ಕಿಆಲೂರು ಕಡೆಯಿಂದ ಚಕ್ಕಡಿಯಲ್ಲಿ ಭತ್ತ ತಂದವರು ಬಾಗಿಲಲ್ಲಿ ಕಾಯುವುದು, "ಸಾವಕಾರ್ರ, ನಮ್ಮ ಚೀಲ ಹಾಕ್ರಿ" ಎನ್ನುವುದು, "ತಡಿಯೋ ಮಾರಾಯ, ಗುಂಡು ಇನ್ನೂ ಮ್ಯಾಲೈತಿ" ಎಂದು ಇವರು ಒಳಗಿನಿಂದ ಕೂಗುವುದು. ಕಾಯುವವರು ಬೇಸತ್ತು ಒಳಗೆ ಇಣುಕುತ್ತಿದ್ದರು. ಇಣುಕಿದವರು ಹೊರಗೆ ಬರುತ್ತಿರಲಿಲ್ಲ.

ಒಂದು ಮುಂಜಾನೆ ಹೀಗೆ ಒಳಗೆ ಹೋದ ರೈತನೊಬ್ಬ ಮಧ್ಯಾಹ್ನವಾದರೂ ಹೊರಗೆ ಬರಲಿಲ್ಲ. ಚಕ್ಕಡಿಯಲ್ಲಿ ಬಿಸಿಲಿಗೆ ಕುಳಿತಿದ್ದ ಅವನ ಹೆಂಡತಿ ಇಳಿದು ಬಂದಳು. ಗಟ್ಟಿ ಹೆಂಗಸು. "ಭತ್ತ ಹಾಕ್ಸಾಕ ಬಂದೀರೋ, ಗ್ವಾಲಿ ಆಡಾಕ ಬಂದೀರೋ?" ಎಂದವಳೇ ಗಂಡನನ್ನು ಸರಿಸುವ ಭರದಲ್ಲಿ ಸೊಂಟದಿಂದ ಮಶೀನಿಗೆ ಒಂದು ಗುದ್ದು ಕೊಟ್ಟಳು. ಫಟ್ಟನೆ ದೀಪಗಳೆಲ್ಲ ಆರಿದವು. ರೆಕ್ಕೆ ಸತ್ತವು. ಹಲಗೆಯ ಮೂಲೆಯಲ್ಲಿ ಒಂದೇ ಒಂದು ಕೆಂಪು ಪದ ಹತ್ತಿಕೊಂಡಿತು: ಟಿಲ್ಟ್. ಆಡುವವರು ಮೋಸ ಮಾಡಿ ಅಲ್ಲಾಡಿಸಬಾರದೆಂದು ಆ ಮಶೀನಿನೊಳಗೆ ಒಂದು ತೂಗುಗುಂಡು ಕಟ್ಟಿರುತ್ತಾರೆ. ಅದು ತೂಗಿದರೆ ಆಟ ಬಂದ್.

"ಏನ್ ಮಾಡಿದೆವ್ವಾ! ಅದಕ್ಕ ಅವಮಾನ ಆತು!" ಎಂದು ಮಾವನವರು ಕಳವಳಗೊಂಡರು.

"ಅದಕ್ಕ ಅವಮಾನ ಆತಾ? ಮುಂಜಾನಿಂದ ಬಿಸಲಾಗ ಕುಂತೇನಿ, ನನಗೇನು ಸನ್ಮಾನ ಆತ್ರಿ?" ಎಂದಳು ಆಕೆ.

ಅವತ್ತು ಗಿರಣಿ ಕೂಡಲೇ ಶುರುವಾಯಿತು. 'ಟಿಲ್ಟ್' ಎಂಬ ಮಾತು ನಮ್ಮ ಮನೆಯಲ್ಲಿ ಖಾಯಂ ಆಗಿ ನಿಂತುಬಿಟ್ಟಿತು. ನಮ್ಮ ಮನೆಯವರು ಸಾರಿಗೆ ಉಪ್ಪು ಕಡಿಮೆಯೆಂದು ಮುಖ ಸೊಟ್ಟ ಮಾಡಿದರೆ ಅತ್ತೆಯವರು ಒಳಗಿನಿಂದಲೇ "ಯಾಕವ್ವಾ, ನಿನ್ನ ಗಂಡ ಟಿಲ್ಟ್ ಆದನೇನು?" ಎಂದು ಕೇಳುತ್ತಿದ್ದರು.

ಮಳೆಗಾಲ ಬಂತು. ಮಶೀನು ಮೌನ ವ್ರತ ಹಿಡಿಯಿತು. ಸ್ವಿಚ್ಚು ಹಾಕಿದರೆ ಗುರ್ ಎನ್ನುವುದು, ಅಷ್ಟೇ. ಅತ್ತೆಯವರು ಮನೆದೇವರಿಗೆ ಎಣ್ಣೆ ಹಾಕಿಸಿದರು. ಮಶೀನು ಸುಧಾರಿಸಲೆಂದಲ್ಲ, ಸುಧಾರಿಸದಿರಲೆಂದು. ಮಾವನವರು ಅದನ್ನು ಮತ್ತೆ ಲಾರಿಗೆ ಹೇರಿಸಿ ಸವಣೂರಿಗೆ ಒಯ್ದರು. ಅಲ್ಲೊಬ್ಬ ರೇಡಿಯೋ ರಿಪೇರಿಯವರಿದ್ದರು, ನವಾಬರ ಊರಿಗೆ ತಕ್ಕ ಅದಬು-ಮರ್ಯಾದೆಯ ಮನುಷ್ಯ. ಹಿಂದಿನ ಹಲಗೆ ಬಿಚ್ಚಿ ಒಳಗೆ ನೋಡಿದರು. ಗಾಲಿಗಳು, ಸುರುಳಿಗಳು, ತಂತಿಯ ಮೇಲೆ ತಂತಿ, ಒಂದಕ್ಕೊಂದು ತಾಗಿಯೂ ತಾಗದಂತೆ ನಿಂತ ನೂರಾರು ತಗಡಿನ ನಾಲಿಗೆಗಳು. ಬಹಳ ಹೊತ್ತು ನೋಡಿ, ಹಲಗೆಯನ್ನು ಮೊದಲಿನಂತೆಯೇ ಮುಚ್ಚಿದರು.

"ಇದು ಮಶೀನ್ ಅಲ್ರಿ ಸಾವಕಾರ್ರ. ಒಟ್ಟು ಕುಟುಂಬ. ಯಾರು ಯಾರ ಕೂಡ ಮಾತು ಬಿಟ್ಟಾರಂತ ಹೊರಗಿನವರಿಗೆ ಗೊತ್ತಾಗಂಗಿಲ್ಲ. ಮನ್ಯಾಗಿನವರೇ ನೋಡಬೇಕು."

ಮಾವನವರಿಗೆ ಈ ಮಾತು ಬಹಳ ಹಿಡಿಸಿತು. ಮನೆಗೆ ತಂದು ತಾವೇ ಕುಳಿತರು. ಗಿರಣಿಯ ತೌಡಿನ ಧೂಳು ಆ ನಾಲಿಗೆಗಳ ನಡುವೆಲ್ಲ ಕೂತಿತ್ತು. ಅದನ್ನು ಒರೆಸಲು ಮೆತ್ತನೆಯ, ನಯವಾದ, ಸ್ವಚ್ಛವಾದ ಏನಾದರೂ ಬೇಕಿತ್ತಂತೆ. ಅಂಥದ್ದು ಇಡೀ ಮನೆಯಲ್ಲಿ ಅವರಿಗೆ ಸಿಕ್ಕಿದ್ದು ಒಂದೇ. ನನ್ನ ಮದುವೆಗೆ ಉಡುಗೊರೆ ಬಂದಿದ್ದ ಪೌಡರ್ ಡಬ್ಬಿಯ ಪಫ್ಫು! ನಾನು ಅದನ್ನು ಎರಡು ಸಲವೂ ಮುಖಕ್ಕೆ ಹಚ್ಚಿರಲಿಲ್ಲ. ಕಪ್ಪು ಕಂಬಳಿಹುಳದಂತಾಗಿ ಕಿಟಕಿಯಲ್ಲಿ ಸಿಕ್ಕಿತು. ನಾನು ಹೋಗಿ ಅತ್ತೆಯವರ ಮುಂದಿಟ್ಟೆ. ಅವರು ಅದನ್ನು ಒಯ್ದು ಮಾವನವರ ಊಟದ ತಾಟಿನ ಪಕ್ಕದಲ್ಲಿ, ಉಪ್ಪಿನಕಾಯಿ ಇಡುವ ಜಾಗದಲ್ಲಿ ಇಟ್ಟರು. ಮಾವನವರು ಅದನ್ನು ನೋಡಿದರು, ನನ್ನ ಕಡೆ ನೋಡಲಿಲ್ಲ. ರೊಟ್ಟಿ ಮುರಿಯುತ್ತ ಗೋಡೆಗೆ ಹೇಳಿದರು: "ಮಶೀನು ಚಾಲೂ ಆತು."

ಅತ್ತೆಯವರು ಮನೆದೇವರ ಜತೆ ಒಂದು ವಾರ ಮಾತು ಬಿಟ್ಟರು.

ಹೀಗೇ ವರ್ಷಗಳು ಹೋದವು. ಹೊಸ ಮೋಟಾರು ಬಂತು. ನನ್ನ ನಾದಿನಿ ಮದುವೆಯ ವಯಸ್ಸಿಗೆ ಬಂದಳು. ಮನೆಗೆ ಕೊನೆಯ ಹುಡುಗಿ, ಮಾವನವರ ಕಣ್ಣು. ನೋಡಲು ಬಂದ ಎರಡು ಮನೆಯವರು "ಹುಡುಗಿ ಚಲೋ ಅದಾಳ, ಆದರ ಅಪ್ಪಗ ಸ್ವಲ್ಪ..." ಎಂದು ತಲೆಯ ಹತ್ತಿರ ಬೆರಳು ತಿರುಗಿಸಿ ಹೋದ ಸುದ್ದಿ ಹೇಗೋ ನಮಗೆ ತಲುಪಿತ್ತು. ಅತ್ತೆಯವರು ಅಡುಗೆಮನೆಯಲ್ಲಿ ಕುಳಿತು ಸೆರಗಿನಿಂದ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದ್ದೇನೆ. ಆಮೇಲೆ ಶಿಗ್ಗಾವಿಯಿಂದ ಒಂದು ಸಂಬಂಧ ಬಂತು. ಬಟ್ಟೆ ವ್ಯಾಪಾರದ ಮನೆ, ಒಳ್ಳೆಯ ಹುಡುಗ. ಅವರು ಬರುವ ದಿನ ಮುಂಜಾನೆ ಅತ್ತೆಯವರು ಖೋಲಿಯ ಬಾಗಿಲು ಹಾಕಿ, ಚಿಲಕ ಜಡಿದು, ಅದರ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತರು.

"ಇವತ್ತ ಈ ಬಾಗಲಾ ತಗದ್ರ ನಾ ತವರಿಗೆ ಹೋಗ್ತೇನಿ ನೋಡ್ರಿ!"

"ನಿನ್ನ ತವರು ಪಕ್ಕದ ಓಣ್ಯಾಗ ಐತಲ್ಲ."

"ಅಲ್ಲಿಗೂ ಕೇಳತೈತಿ ನಿಮ್ಮ ಗಂಟಿ! ಅದಕ್ಕ ಇಷ್ಟು ದಿನ ಹೋಗಿಲ್ಲ!"

ಮಾವನವರು ಒಪ್ಪಿದರು. ಬಾಗಿಲು ತೆಗೆಯುವುದಿಲ್ಲವೆಂದು ಮಗಳ ತಲೆ ಮುಟ್ಟಿ ಹೇಳಿದರು. ಆದರೆ ಹಿಂದಿನ ದಿನ ಆಡುವಾಗ ಕರೆಂಟು ಹೋದದ್ದು, ಸ್ವಿಚ್ಚು ಆರಿಸದೆ ಎದ್ದು ಬಂದದ್ದು ಅವರಿಗೆ ನೆನಪಿರಬೇಕಲ್ಲ!

ಬೀಗರಾಗುವವರು ಬಂದರು. ಪಡಸಾಲೆಯಲ್ಲಿ ಜಮಖಾನದ ಮೇಲೆ ಕುಳಿತರು. ಹುಡುಗ ತಲೆ ಎತ್ತಲಿಲ್ಲ. ಹುಡುಗನ ತಂದೆಯವರು ಮೀಸೆ ನೀವುತ್ತ ಮಳೆ, ಬೆಳೆ, ಭತ್ತದ ಧಾರಣೆ ಎಲ್ಲ ಮುಗಿಸಿ, "ಇನ್ನ ಹುಡುಗೀನ ಕರೀರಿ" ಎನ್ನುವುದಕ್ಕೂ ಕರೆಂಟು ಬರುವುದಕ್ಕೂ ಸರಿಹೋಯಿತು. ಮುಚ್ಚಿದ ಬಾಗಿಲ ಹಿಂದೆ ಗರಗರ, ಖಟಖಟ, ಟಿಣ್ ಟಿಣ್ ಟಿಣ್!

ಅತ್ತೆಯವರು ಕಣ್ಣು ಮುಚ್ಚಿಕೊಂಡರು.

"ಏನ್ರಿ ಅದು?" ಎಂದರು ಹುಡುಗನ ತಂದೆ.

"ಇಲಿ," ಎಂದರು ನಮ್ಮ ಮನೆಯವರು.

"ಗಂಟಿ ಕಟ್ಟೀರೇನ್ರಿ ಇಲಿಗೆ?" ಎನ್ನುತ್ತ ಅವರು ಎದ್ದೇಬಿಟ್ಟರು. ಬಾಗಿಲು ತೆಗೆದವರು ಅವರು. ನಮ್ಮ ಮಾವನವರು ಮಾತು ಮುರಿಯಲಿಲ್ಲ, ಅದನ್ನು ಒಪ್ಪಬೇಕು. ಆದರೆ ಬಾಗಿಲು ತೆಗೆದ ಮೇಲೆ ಅವರು ಹಿಂದೆ ಉಳಿಯುವುದುಂಟೆ? ಐದೇ ನಿಮಿಷಕ್ಕೆ ಇಬ್ಬರು ಹಿರಿಯರೂ ಕೋಟು ಬಿಚ್ಚಿ ನಿಂತಿದ್ದರು. ಹತ್ತು ನಿಮಿಷಕ್ಕೆ ಶಿಗ್ಗಾವಿಯವರು ಮುಂದೆ. ಹದಿನೈದಕ್ಕೆ ಜಗಳ!

"ನೀವು ಅಲ್ಲಾಡಿಸಿದ್ರಿ!"

"ನಾ ಯಾಕ ಅಲ್ಲಾಡಸ್ಲಿ? ನಮ್ಮ ಮನಿತನದಾಗ ಯಾರೂ ಅಲ್ಲಾಡಿಸಿದವರಲ್ಲ!"

"ನನ್ನ ಕಣ್ಣಾರೆ ನೋಡೇನಿ!"

"ಏ, ಏಳಪಾ, ಹೋಗೂನು," ಎಂದು ಅವರು ಮಗನಿಗೆ ಹೇಳಿ ಕೋಟಿಗೆ ಕೈ ಹಾಕಿದರು. ಶಿಗ್ಗಾವಿ ಪೂರ್ತಿ ಟಿಲ್ಟ್! ಅತ್ತೆಯವರು ಗೋಡೆಗೆ ಒರಗಿದರು. ಮಾವನವರ ಮುಖ ಒಮ್ಮೆಲೇ ಬಿಳಿಚಿಕೊಂಡಿತು. ತಾವು ಏನು ಮಾಡಿಬಿಟ್ಟೆವೆಂದು ಆಗ ಹೊಳೆದಿರಬೇಕು.

ಅಷ್ಟರಲ್ಲಿ ಯಾರೂ ಕರೆಯದಿದ್ದರೂ ನನ್ನ ನಾದಿನಿ ಚಹದ ಹರಿವಾಣ ಹಿಡಿದು ಬಂದಳು. ಹರಿವಾಣವನ್ನು ಭತ್ತದ ಚೀಲದ ಮೇಲಿಟ್ಟಳು. "ಇಬ್ಬರೂ ಸ್ವಲ್ಪ ಸರೀರಿ," ಎಂದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಸ್ಪ್ರಿಂಗು ಎಳೆದಳು. ಅಪ್ಪ ಮಧ್ಯಾಹ್ನ ಮಲಗಿದಾಗಲೆಲ್ಲ ಈಕೆ ಗಂಟೆಗೆ ಬಟ್ಟೆ ತುರುಕಿ ಆಡುತ್ತಿದ್ದಳೆಂದು ನನಗೊಬ್ಬಳಿಗೇ ಗೊತ್ತಿತ್ತು. ಏನು ಆಟವೋ ಅದು! ಗುಂಡು ಕೆಳಗೆ ಬೀಳಲೇ ಇಲ್ಲ. ಚಹ ತಣ್ಣಗಾಯಿತು. ಅಂಕಿಗಳು ತಿರುಗಿ ತಿರುಗಿ, ಎಲ್ಲ ಒಂಬತ್ತಾಗಿ, ಕೊನೆಗೆ ಸೊನ್ನೆಗೆ ಬಂದು ಮತ್ತೆ ಶುರುವಾದವು. ಶಿಗ್ಗಾವಿಯವರು ಕೋಟಿನ ಒಂದು ತೋಳು ಹಾಕಿದವರು ಹಾಗೇ ನಿಂತುಬಿಟ್ಟರು.

"ಹುಡುಗಿಗೆ ಹಾಡಾಕ ಬರತೈತೇನಂತ ಕೇಳಬೇಕಂತಿದ್ದೆ," ಎಂದರು ನಿಧಾನಕ್ಕೆ. "ಇರಲಿ ಬಿಡ್ರಿ."

ಹುಡುಗ ಮೊದಲ ಬಾರಿಗೆ ತಲೆ ಎತ್ತಿದ. ಅವತ್ತು ಅವನು ಆಡಿದ್ದು ಒಂದೇ ಮಾತು: "ನನಗೂ ಕಲಸ್ತಾರೇನ್ರಿ?"

ಮದುವೆ ಗೊತ್ತಾಯಿತು.

ಆ ಸುದ್ದಿ ಕೇಳಿ ಮಾಸೂರಿನಲ್ಲಿ ನಮ್ಮವ್ವ ನನಗಿಂತ ಹೆಚ್ಚು ಹಿಗ್ಗಿದಳು. ಶಿವರಾತ್ರಿ ಮುಗಿದು ಬಿಸಿಲೇರಿದ ಕೂಡಲೇ ಮದುವೆಯ ಊಟಕ್ಕೆಂದು ಸಂಡಿಗೆ ಹಾಕಲು ಕುಳಿತಳಂತೆ. ಯುಗಾದಿಗೆ ಮುಂಚೆ ಹೋಗಿಬಿಟ್ಟಳು. ಜ್ವರವೆಂದು ಮಲಗಿದವಳು ಏಳಲಿಲ್ಲ. ನಾನು ಹೋಗಿ ಕಾರ್ಯ ಮುಗಿಸಿಕೊಂಡು ಬರುವಷ್ಟರಲ್ಲಿ ಇಲ್ಲಿ ಚಪ್ಪರಕ್ಕೆ ಗಳ ಬಂದಿದ್ದವು. ಮದುವೆಯ ಮನೆ. ಅಳಬಾರದು. ಯಾರೂ ಹಾಗೆಂದು ನನಗೆ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಅರಿಶಿಣ ಕುಟ್ಟಿದೆ, ಅಕ್ಕಿ ಹಸನು ಮಾಡಿದೆ, ಬಂದವರಿಗೆಲ್ಲ ನಗುತ್ತ ನೀರು ಕೊಟ್ಟೆ.

ಮದುವೆಯ ಹಿಂದಿನ ದಿನ ಮಧ್ಯಾಹ್ನ ನನ್ನ ಅಣ್ಣ ಮಾಸೂರಿನಿಂದ ಬಂದ. ಅವ್ವ ಹಾಕಿಟ್ಟಿದ್ದ ಸಂಡಿಗೆಯ ಡಬ್ಬಿಯನ್ನು ಖೋಲಿಯಲ್ಲಿ ಇಟ್ಟು, ನನ್ನ ಮುಖ ನೋಡಲಾರದೆ ಚಪ್ಪರದ ಕೆಲಸಕ್ಕೆ ಹೋದ. ಸ್ವಲ್ಪ ಹೊತ್ತಿಗೆ ಹಿತ್ತಲ ಒಲೆಯ ಕಡೆಯಿಂದ ಯಾರೋ ಕೂಗಿದರು. "ಎಣ್ಣಿ ಕಾದೈತಿ, ಸಂಡಿಗಿ ತಾರವ್ವಾ!"

ಖೋಲಿಗೆ ಹೋಗಿ ಡಬ್ಬಿಯ ಮುಚ್ಚಳ ತೆಗೆದೆ. ಅವ್ವ ಹಿಟ್ಟಿನ ಉಂಡೆಯನ್ನು ಮೂರು ಬೆರಳಿನಿಂದ ಒತ್ತಿ ಸಂಡಿಗೆ ಹಾಕುತ್ತಿದ್ದಳು. ಒಂದೊಂದರ ಮೇಲೂ ಆ ಬೆರಳುಗಳ ಗುರುತು ಹಾಗೇ ಒಣಗಿ ಕುಳಿತಿತ್ತು. ಇದನ್ನು ಹೇಗೆ ಎಣ್ಣೆಗೆ ಹಾಕಲು ಕೊಡುವುದು? ಡಬ್ಬಿ ಹಿಡಿದು ನಿಂತೆ. ಸೆರಗು ಬಾಯಿಗೆ ತುರುಕಿಕೊಂಡೆ. ಗೋಡೆಯಾಚೆ ಪಡಸಾಲೆಯಲ್ಲಿ ಮುತ್ತೈದೆಯರು ಕುಳಿತು ಮದುಮಗಳಿಗೆ ಬಳೆ ಇಡಿಸುತ್ತಿದ್ದರು. ಇನ್ನು ತಡೆಯುವುದು ಸಾಧ್ಯವಿಲ್ಲ ಎನ್ನುವಾಗ ಬಾಗಿಲು ಸರಿಯಿತು. ಮಾವನವರು.

ಇಷ್ಟು ವರ್ಷದಲ್ಲಿ ಅವರು ನನ್ನೊಡನೆ ನೇರವಾಗಿ ಮಾತಾಡಿದ್ದು ಕಡಿಮೆ. ಮಾವ ಸೊಸೆ ಹಾಗೆ ಎದುರುಬದುರು ನಿಂತು ಮಾತಾಡುವ ಮನೆಯಲ್ಲ ಅದು. ಅವರು ಡಬ್ಬಿ ನೋಡಿದರು, ನನ್ನನ್ನು ನೋಡಿದರು. ಬಾಗಿಲು ಮುಚ್ಚಿ ಒಳಗಿನ ಚಿಲಕ ಹಾಕಿದರು. ನನಗೆ ಬೆನ್ನು ಹಾಕಿ ಮಶೀನಿನ ಸ್ವಿಚ್ಚು ಒತ್ತಿದರು. ಮೇಲಿನ ಗಾಜು ಸರಿಸಿ, ಗುಂಡನ್ನು ಕೈಯಲ್ಲೇ ಹಿಡಿದು ಅಣಬೆಗಳಿಗೆ ಒತ್ತತೊಡಗಿದರು. ಟಿಣ್ ಟಿಣ್ ಟಿಣ್ ಟಿಣ್! ಕೈ ಬಿಡಲೇ ಇಲ್ಲ. ಖೋಲಿಯೆಲ್ಲ ಗಂಟೆ.

ತಿರುಗಿ ನೋಡದೆ ಹೇಳಿದರು: "ಅಳು ಯವ್ವಾ. ಇದರಾಗ ಯಾರಿಗೂ ಕೇಳಂಗಿಲ್ಲ."

ನಾನು ಅತ್ತುಬಿಟ್ಟೆ. ಅವ್ವನ ಹೆಸರು ಹಿಡಿದು, ಬಾಯಿ ತೆರೆದು, ಚೀಲಗಳ ನಡುವೆ ಕುಸಿದು ಕುಳಿತು ಅತ್ತೆ. ಹೊರಗಿನಿಂದ ಅತ್ತೆಯವರು ಬಾಗಿಲು ಬಡಿಯುತ್ತಿದ್ದರು. "ಮಗಳ ಮದುವ್ಯಾಗೂ ಇದ ಏನ್ರಿ! ಮಂದಿ ನಗಾಕತ್ತಾರ! ನಾಚಿಕಿ ಆಗೂದಿಲ್ಲೇನ್ರಿ ನಿಮಗ?"

"ಇನ್ನ ಸ್ವಲ್ಪ ತಡಿ," ಎಂದು ಮಾವನವರು ಕೂಗಿದರು. ಕೈ ನಿಲ್ಲಿಸಲಿಲ್ಲ.

ನನ್ನ ಅಳು ತಾನಾಗಿ ನಿಂತ ಮೇಲೆ ಅವರೂ ನಿಲ್ಲಿಸಿದರು. ಬೆರಳ ತುದಿಗಳು ಕೆಂಪಾಗಿದ್ದವು. ಹೆಗಲ ಮೇಲಿನ ಟವೆಲ್ಲು ಹಾಸಿ, ಡಬ್ಬಿಯಿಂದ ಎರಡು ಮುಷ್ಟಿ ಸಂಡಿಗೆ ಮುರಿಯದಂತೆ ತೆಗೆದು ಕಟ್ಟಿದರು. ಮಶೀನಿನ ಮುಂಭಾಗದಲ್ಲಿ ಕಾಸು ಬೀಳುವ ಪೆಟ್ಟಿಗೆಗೆ ಒಂದು ಸಣ್ಣ ಕಬ್ಬಿಣದ ಬಾಗಿಲಿತ್ತು. ಗಂಟನ್ನು ಅದರೊಳಗಿಟ್ಟು ಬೀಗ ಹಾಕಿ, ಉಡದಾರದಿಂದ ಕೀಲಿ ಬಿಚ್ಚಿ ನನ್ನ ಪಕ್ಕದ ಚೀಲದ ಮೇಲಿಟ್ಟರು.

"ಉಳದದ್ದು ಒಲಿ ಕಡೆ ಕೊಡು," ಎಂದರು. "ಮಂದಿಗೆ ಉಣಸಾಕಂತ ಮಾಡ್ಯಾರ. ಅಷ್ಟೂ ಮುಚ್ಚಿಟ್ರ ನಿಮ್ಮವ್ವ ನನಗ ಬೈತಾರ."

ಆಮೇಲೆ ಬಾಗಿಲು ತೆರೆದು ಹೊರಗೆ ಹೋದರು. ಪಡಸಾಲೆಯ ತುಂಬ ಹೆಂಗಸರು. ಅತ್ತೆಯವರು ಅಷ್ಟು ಜನರ ಮುಂದೆ ಬಾಯಿಗೆ ಬಂದಂತೆ ಬಯ್ದರು. ಎಲ್ಲರೂ ನಕ್ಕರು. ಅರವತ್ತು ದಾಟಿದ ಆ ಮನುಷ್ಯ ಎಲ್ಲರ ನಡುವೆ ತಲೆ ತಗ್ಗಿಸಿ ನಿಂತು, ಪೂರ್ತಿ ಕೇಳಿ, "ತಪ್ಪಾತು" ಎಂದರು. ಒಳಗೆ ನಾನು ಮುಖ ಒರೆಸಿಕೊಂಡು, ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡು, ಡಬ್ಬಿ ಎತ್ತಿಕೊಂಡೆ.